ಅಲುಗಾಡಬ್ಯಾಡ ಎಂದವನು ಅಬುಧಾಬಿಗೆ ಹೋದದ್ದು

ದುಬೈ ವಿಮಾನ ನಿಲ್ದಾಣ

ಗದಗಿನಲ್ಲಿ ಮೂವತ್ತೆಂಟು ವರ್ಷದಿಂದ ಫೋಟೋ ಸ್ಟುಡಿಯೋ ನಡೆಸುತ್ತ ಬಂದವನು ನಾನು. ಅಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ನನ್ನ ಹೆಂಡತಿಯನ್ನು ಕೇಳಿ ನೋಡಿ. ಅವಳ ಹೆಸರಲ್ಲ, ದೇವರ ಹೆಸರೂ ಅಲ್ಲ. 'ಅಲುಗಾಡಬ್ಯಾಡ್ರಿ' ಎಂಬ ಮಾತು. ನಿದ್ದೆಯಲ್ಲೂ ಹೇಳುತ್ತೇನಂತೆ. ಮದುಮಕ್ಕಳಿಗೆ, ಪಾಸ್‌ಪೋರ್ಟಿನವರಿಗೆ, ತೊಟ್ಟಿಲಿನ ಕೂಸುಗಳಿಗೆ, ಒಮ್ಮೆ ಯಾರದೋ ಬಹುಮಾನ ಬಂದ ಹೋರಿಗೂ ಹೇಳಿದ್ದೇನೆ. ಹೋರಿ ಮಾತ್ರ ಕೇಳಲಿಲ್ಲ.

ಆ ಮಾತನ್ನು ಇನ್ನೊಬ್ಬರು ನನಗೆ ಹೇಳಿದ್ದು ದುಬೈ ವಿಮಾನ ನಿಲ್ದಾಣದಲ್ಲಿ. ಬಿಳಿ ನಿಲುವಂಗಿಯ ಅಧಿಕಾರಿ ಒಂದು ಸಣ್ಣ ಕ್ಯಾಮೆರಾ ತೋರಿಸಿ ಅತ್ತ ನೋಡು ಎಂದರು. ಅದು ಎಂಥ ಲೆನ್ಸು ಎಂದು ನಾನು ಬಗ್ಗಿ ನೋಡಿದೆ. ಅವರು 'ಡೋಂಟ್ ಮೂವ್' ಎಂದರು. ಎರಡನೇ ಸಲ ನನ್ನ ಕನ್ನಡಕ ಜಾರಿತು. ಮೂರನೇ ಸಲ ಅವರು ಹೇಳಿದ ಧಾಟಿ ಥೇಟ್ ನನ್ನದೇ ಆಗಿತ್ತು. ಪಾಪ, ಇಷ್ಟು ವರ್ಷ ನನ್ನ ಗಿರಾಕಿಗಳು ಎಷ್ಟು ಸಹಿಸಿಕೊಂಡರು ಎಂದು ಆಗ ತಿಳಿಯಿತು.

ಅಲ್ಲಿಂದ ಮುಂದೆ ನನ್ನ ಚೀಲ ಸಿಕ್ಕಿಬಿತ್ತು. ಕಟಕ ರೊಟ್ಟಿ, ಶೇಂಗಾ ಚಟ್ನಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಅವುಗಳ ಕೆಳಗೆ ಎರಡು ಸೇರಿನಷ್ಟು ಬಿಳಿ ಪುಡಿಯ ಪೊಟ್ಟಣವಿತ್ತು. ಇಲ್ಲಿ ಮಗಳ ಮನೆಯಲ್ಲಿರುವ ನನ್ನ ಅಕ್ಕ ಶಾಂತಕ್ಕ ಫೋನಿನಲ್ಲಿ ಹೇಳಿ ತರಿಸಿದ ರಂಗೋಲಿ. ಅದನ್ನು ಹಿಡಿದ ಅಧಿಕಾರಿಯ ಮುಖ ಗಂಭೀರವಾಯಿತು. ರಂಗೋಲಿ ಎಂದರೆ ಏನೆಂದು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಕೊನೆಗೆ ಒಂದು ಚಿಟಿಕೆ ತೆಗೆದು ಅವರ ಸ್ಟೀಲ್ ಮೇಜಿನ ಮೇಲೆ ನಾಲ್ಕು ಚುಕ್ಕಿ ಇಟ್ಟು ಗೆರೆ ಕೂಡಿಸಿ, ಬಾಗಿಲ ಕಡೆ ಬೆರಳು ತೋರಿಸಿದೆ. ಅವರು ಗೆರೆಯನ್ನೂ ನನ್ನ ಹಣೆಯ ವಿಭೂತಿಯನ್ನೂ ನೋಡಿ ನಕ್ಕು, 'ಯಲ್ಲಾ ಹಾಜಿ, ಗೋ' ಎಂದು ಕಳಿಸಿದರು. ಅಲ್ಲಿ ವಯಸ್ಸಾದವರನ್ನೆಲ್ಲ ಗೌರವಕ್ಕೆ ಹಾಗೆ ಕರೆಯುತ್ತಾರಂತೆ. ಗದಗಿನಲ್ಲಿ ನನ್ನನ್ನು ಹಾಜಿ ಎಂದವರು ಯಾರೂ ಇಲ್ಲ, ಆದರೂ ಆ ಕರೆ ನನಗೆ ಹಿತವಾಗಿತ್ತು.

ಮಿರ್ದಿಫ್

ನಮ್ಮ ಕಡೆ ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳಬೇಕು, ಹೊರಟವರನ್ನು ಅಂಗಳ ದಾಟಿಸಿ ಕಳಿಸಬೇಕು. ಶಾಂತಕ್ಕ ಇದರಲ್ಲಿ ಒಂದು ಕೈ ಮುಂದೆ. ಊರಿನಲ್ಲಿದ್ದಾಗ ಅವಳ ಮನೆಯಿಂದ ಹೊರಟರೆ ಓಣಿಯ ತುದಿಯ ತನಕ ಬಂದು, ಅಲ್ಲಿ ನಿಂತು ಇನ್ನರ್ಧ ತಾಸು ಮಾತಾಡಿ, ಬಸ್ಸು ತಪ್ಪಿಸಿ, ವಾಪಸ್ ಕರೆದುಕೊಂಡು ಹೋಗಿ ಊಟ ಹಾಕುತ್ತಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ಅವಳೇ.

ಮಿರ್ದಿಫ್‌ನಲ್ಲಿರುವ ಅವಳ ಮಗಳು ಜಯಾಳ ವಿಲ್ಲಾದ ಮುಂದೆ ಕಾರಿನಿಂದಿಳಿದಾಗ ಬಾಗಿಲಲ್ಲಿ ಅಕ್ಕ ಇರಲಿಲ್ಲ. ಒಳಗೆ ಹಾಲ್‌ನಲ್ಲಿ ಗೋಡೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಕಣ್ಣು ತುಂಬಿಕೊಂಡಳು.

"ಬಾಗಿಲಿಗೆ ಬರಾಕ ಆಗಲಿಲ್ಲ ತಮ್ಮಾ. ಅಲ್ಲಿ ಬಂದ್ರ ಕಾಲು ನೆಲಕ್ಕ ಅಂಟಕೊಂತಾವು. ತಪ್ಪು ತಿಳ್ಕೋಬ್ಯಾಡ."

ಪಾರ್ಕಿನ್ಸನ್ ಕಾಯಿಲೆ ಎಂದು ನನಗೆ ಗೊತ್ತಿತ್ತು. ಕೈ ನಡುಗುವುದು ಗೊತ್ತಿತ್ತು. ಕಾಲು ಹೀಗೆ ನಿಂತುಬಿಡುತ್ತದೆಂದು ಗೊತ್ತಿರಲಿಲ್ಲ. ಹಾಲಿನಲ್ಲಿ ಸಣ್ಣ ಸಣ್ಣ ಹೆಜ್ಜೆಯಿಟ್ಟು ನಡೆಯುತ್ತಾಳೆ. ಹೊಸ್ತಿಲ ಹತ್ತಿರ ಬಂದರೆ ಖಲಾಸ್, ಮೊಳೆ ಹೊಡೆದಂತೆ ನಿಲ್ಲುತ್ತಾಳೆ. ಹೀಗಾಗಿ ತಿಂಗಳಿಂದ ಹೊರಗೆ ಬಂದಿಲ್ಲ. ಜಯಾ ಗಾಲಿಕುರ್ಚಿ ತಂದಿಟ್ಟಿದ್ದಾಳೆ. ಅಕ್ಕ ಅದರ ಮೇಲೆ ಒಗೆದ ಬಟ್ಟೆ ಒಣಹಾಕುತ್ತಾಳೆ.

ಪಕ್ಕದ ಮನೆಯ ಫ್ಲೇವಿಯಾ ಮಂಗಳೂರಿನ ಕಡೆಯವಳು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಮನೆಯಲ್ಲಿ ಕೊಂಕಣಿ, ನಮ್ಮೊಂದಿಗೆ ಅವರ ಕಡೆಯ ಕನ್ನಡ. ದಿನಾ ಸಂಜೆ ಬಂದು ಅಕ್ಕನನ್ನು ನಡೆಸುತ್ತಾಳೆ.

"ಕಾಲಿಗೆ ಶಕ್ತಿ ಉಂಟು ಅಂಕಲ್," ಎಂದು ಅವಳು ನನಗೆ ವಿವರಿಸಿದಳು. "ಹೊರಡು ಅಂತ ತಲೆಯಿಂದ ಆರ್ಡರ್ ಬರುವುದಿಲ್ಲ, ಅಷ್ಟೇ. ನೆಲದಲ್ಲಿ ಅಡ್ಡ ಒಂದು ಗೆರೆ ಕಂಡರೆ ಅದನ್ನು ದಾಟ್ಲಿಕ್ಕೆ ಕಾಲು ತನ್ನಷ್ಟಕ್ಕೆ ಏಳ್ತದೆ."

ಹಾಲಿನಲ್ಲಿ ಅವಳು ಕಪ್ಪು ಟೇಪು ಅಂಟಿಸಿದ್ದಳು. ಬಾಗಿಲಿಗೂ ಅಂಟಿಸಿದ್ದಳಂತೆ. ಅಕ್ಕ ಕೀಳಿಸಿಬಿಟ್ಟಿದ್ದಳು. "ಹೊಸ್ತಲ ಮುಂದ ಕರೀ ಪಟ್ಟಿ ಯಾರರ ಬಳೀತಾರೇನು? ಮನಿಗೆ ಒಳ್ಳೇದಲ್ಲ," ಎಂಬುದು ಅವಳ ತೀರ್ಪು. ಎಪ್ಪತ್ತೈದು ವರ್ಷದವಳೊಡನೆ ವಾದ ಮಾಡುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ರಂಗೋಲಿ ಪೊಟ್ಟಣವನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಒಂದು ಚಿಟಿಕೆ ಹಿಡಿದಳು. ಬೆರಳು ನಡುಗಿ ಪುಡಿ ಸೀರೆಯ ಮೇಲೆ ಬಿತ್ತು. "ಇರಲಿ, ಮ್ಯಾಲಿಡು ಜಯಾ," ಎಂದಳು. ಪೊಟ್ಟಣ ಅಡುಗೆಮನೆಯ ಮೇಲಿನ ಕಪಾಟು ಸೇರಿತು.

ಮಿರ್ದಿಫ್‌ನಲ್ಲಿ ವಿಮಾನಗಳು ತಲೆಯ ಮೇಲೆಯೇ ಹೋಗುತ್ತವೆ. ಆ ಸದ್ದಿಗೆ ಎಲ್ಲರೂ ಮಾತು ನಿಲ್ಲಿಸಿ, ಅದು ಹೋದ ಮೇಲೆ ಅರ್ಧಕ್ಕೆ ಬಿಟ್ಟ ಪದದಿಂದ ಮುಂದುವರಿಸುತ್ತಾರೆ. ಅಂಥದೊಂದು ವಿಮಾನ ಹೋದ ಮೇಲೆ ಅಕ್ಕ ಹೇಳಿದಳು: "ಬರೂವಾಗ ಎದುರು ಬರಾಕ ಆಗಲಿಲ್ಲ. ನೀ ಹೋಗೂ ದಿನ ಮಾತ್ರ ಗೇಟಿನ ತನಕ ನಾ ಬಂದs ಕಳಸ್ತೀನಿ. ನಡಕೋತ ಬರ್ತೀನಿ."

ಹತ್ತು ದಿನಗಳಿದ್ದವು. ಗೇಟಿಗೆ ಹದಿನೆಂಟು ಹೆಜ್ಜೆ. ಸಂಜೆ ನಾನು ಹೋಗಿ ಎಣಿಸಿ ಬಂದೆ.

ದೇರಾ

ಜಯಾ ಸಿಲಿಕಾನ್ ಓಯಸಿಸ್‌ನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ, ತನ್ನ ಹದಿಮೂರರ ಮಗಳು ನಿಧಿಯೊಂದಿಗೆ ನನ್ನನ್ನು ದೇರಾದ ಪೇಟೆಗೆ ಕರೆದೊಯ್ದಳು. ಏಲಕ್ಕಿ, ಒಣನಿಂಬೆಯ ವಾಸನೆ ನಮ್ಮ ಪೇಟೆಯನ್ನೇ ನೆನಪಿಸಿತು. ನೆನಪಿಸದೇ ಇದ್ದದ್ದು ರಸ್ತೆ. ನಾನು ರಸ್ತೆ ದಾಟಲು ಅಂಚಿಗೆ ಬಂದೊಡನೆ ದೊಡ್ಡದೊಂದು ಕಾರು ನಿಂತುಬಿಟ್ಟಿತು. ಅದು ಹೋಗಲಿ ಎಂದು ನಾನು ನಿಂತೆ. ನಾನು ಹೋಗಲೆಂದು ಅದು ನಿಂತಿತು. ನಾನು ಕೈಬೀಸಿ ಹೋಗು ಎಂದೆ, ಒಳಗಿನವನು ಕೈಬೀಸಿ ಹೋಗು ಎಂದ. ಹಿಂದೆ ನಾಲ್ಕು ಕಾರು ಸೇರಿದವು.

"ಮಾಮಾಜ್ಜಾ, ಜಸ್ಟ್ ವಾಕ್!" ಎಂದು ನಿಧಿ ನನ್ನ ತೋಳು ಹಿಡಿದು ಎಳೆದಳು. "ಸೋ ಎಂಬರಾಸಿಂಗ್."

ಗದಗಿನಲ್ಲಿ ನನಗಾಗಿ ಕಾರು ನಿಂತರೆ ಅದರ ಪೆಟ್ರೋಲ್ ಮುಗಿದಿದೆ ಎಂದರ್ಥ. ಹಾಗೆಂದು ಈ ಹುಡುಗಿಗೆ ಹೇಗೆ ತಿಳಿಸಲಿ? ಆದರೆ ದಾಟಿದ ಮೇಲೆ ಒಂದು ವಿಚಾರ ಹೊಳೆಯಿತು. ಕಾಲಲ್ಲಿ ಶಕ್ತಿಯಿದ್ದೂ ಹೆಜ್ಜೆ ಏಳದಿರುವುದು ಎಂದರೇನೆಂದು ಅರ್ಧ ನಿಮಿಷದ ಮಟ್ಟಿಗೆ ನನಗೂ ಗೊತ್ತಾಗಿತ್ತು. ಅಕ್ಕನಿಗೆ ಅದು ದಿನವೆಲ್ಲ.

ಆಮೇಲೆ ಅಂಗಡಿ ಬಿಟ್ಟು ಜನರ ಕಾಲುಗಳನ್ನೇ ನೋಡಿದೆ. ಕೈಗಾಡಿ ತಳ್ಳುವ ಪಠಾಣ ಹಿಮ್ಮಡಿಯಿಂದ ನಡೆಯುತ್ತಿದ್ದ. ಫಿಲಿಪಿನ್ಸ್‌ನ ಹೆಣ್ಣುಮಕ್ಕಳು ತುದಿಗಾಲಲ್ಲಿ ಪುಟಪುಟನೆ ಹೋಗುತ್ತಿದ್ದರು. ಮೀನಿನ ಬುಟ್ಟಿ ಹೊತ್ತವನೊಬ್ಬ ಮೇಲೆ ಅಲ್ಲಾಡದೆ ಸೊಂಟದ ಕೆಳಗಷ್ಟೇ ನಡೆಯುತ್ತಿದ್ದ. ಜನ ನಡೆಯುವುದನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನ್ನ ಮುಂದೆ ಬಂದವರನ್ನೆಲ್ಲ ಸ್ಟೂಲಿನ ಮೇಲೆ ಕೂರಿಸಿದವನಲ್ಲವೇ ನಾನು?

ಅಬುಧಾಬಿ

ಜನರ ನಡಿಗೆ ನೋಡಿದ್ದನ್ನು ಅಂದು ರಾತ್ರಿ ನಾನು ಅಕ್ಕನಿಗೆ ಹೇಳುವಾಗ ಜಯಾ ಕೇಳಿಸಿಕೊಂಡಿದ್ದಳು. ಅಬುಧಾಬಿಯ ಒಂದು ಗ್ಯಾಲರಿಯಲ್ಲಿ ಮನುಷ್ಯರ ನಡಿಗೆ, ಓಟಗಳನ್ನು ಮೊಟ್ಟಮೊದಲಿಗೆ ತೆಗೆದ ಹಳೆಯ ಫೋಟೋಗಳನ್ನು ಇಟ್ಟಿದ್ದಾರೆಂದು ಹುಡುಕಿದಳು. ಅಕ್ಕನೂ ಬರುತ್ತೇನೆಂದಳು. ಮನೆಯ ಹೊಸ್ತಿಲನ್ನು ಜಯಾ, ಜೊತೆಗೆ ಹೊರಟ ಫ್ಲೇವಿಯಾ ಇಬ್ಬರೂ ಸೇರಿ ಹೆಚ್ಚುಕಡಿಮೆ ಎತ್ತಿಯೇ ದಾಟಿಸಿದರು.

ಗ್ಯಾಲರಿಯ ಮೊದಲ ಕೋಣೆಯಲ್ಲಿ ಕುದುರೆಗಳು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಜನರಲ್ಲೊಂದು ಜಗಳವಿತ್ತಂತೆ: ಓಡುವ ಕುದುರೆಯ ನಾಲ್ಕೂ ಕಾಲು ಯಾವಾಗಲಾದರೂ ನೆಲ ಬಿಡುತ್ತವೆಯೋ ಇಲ್ಲವೋ? ಕಣ್ಣಿಗೆ ಸಿಗದ ಸಂಗತಿ ಅದು. ಒಬ್ಬ ಫೋಟೋಗ್ರಾಫರ್ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾ ಇಟ್ಟು, ಒಂದೊಂದಕ್ಕೂ ದಾರ ಕಟ್ಟಿ ಅಡ್ಡ ಎಳೆದ. ಕುದುರೆಯ ಕಾಲು ತಾಗಿ ದಾರ ಹರಿದಂತೆಲ್ಲ ಒಂದೊಂದು ಫೋಟೋ. ನಾಲ್ಕೂ ಕಾಲು ಗಾಳಿಯಲ್ಲಿ! ಆಮೇಲೆ ಅವನೂ ಅವನಂಥ ಇತರರೂ ಮನುಷ್ಯರನ್ನು ಹಿಡಿದರು. ಮೆಟ್ಟಿಲು ಹತ್ತುವವರು, ಕೊಡ ಎತ್ತುವ ಹೆಂಗಸರು, ಜಿಗಿಯುವ ಗಂಡಸರು. ಹಿಂದೆ ಚೌಕಳಿ ಗೆರೆಯ ಗೋಡೆ. ಒಬ್ಬನಿಗಂತೂ ಮೈಗೆಲ್ಲ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನುದ್ದಕ್ಕೂ ಬಿಳಿ ಪಟ್ಟಿ ಹೊಲಿದಿದ್ದರು. ಒಂದೇ ಫೋಟೋ ಪ್ಲೇಟಿನಲ್ಲಿ ಅವನ ನಡಿಗೆಯೆಲ್ಲ ಮೂಡಿತ್ತು. ಮನುಷ್ಯ ಮಾಯವಾಗಿ ಬರೀ ಬಿಳಿ ಗೆರೆಗಳ ಸಾಲು ಉಳಿದಿತ್ತು.

"ಈಗಲೂ ನಮ್ಮಲ್ಲಿ ಹೀಗೇ ಮಾಡುವುದು," ಎಂದಳು ಫ್ಲೇವಿಯಾ. "ಪಟ್ಟಿ ಬದಲಿಗೆ ಮಂಡಿಗೆ, ಪಾದಕ್ಕೆ ಹೊಳೆಯುವ ಚುಕ್ಕಿ ಅಂಟಿಸ್ತೇವೆ."

ಕುಸ್ತಿಯಾಡುವ ಲಂಗೋಟಿಯ ಗಂಡಸರನ್ನು ನೋಡಿ ಅಕ್ಕ, "ಥೇಟ್ ನಮ್ಮ ಗರಡಿ ಮನಿ ಹುಡುಗ್ರು. ಬಟ್ಟಿ ಒಂದು ಕೊಡಲಿಲ್ಲಲ್ಲ ಇವರಿಗೆ," ಎಂದು ಸೆರಗಿನಲ್ಲಿ ನಕ್ಕಳು.

ಅವಳು ಬಹಳ ಹೊತ್ತು ನಿಂತದ್ದು ಇನ್ನೊಂದು ಪ್ಲೇಟಿನ ಮುಂದೆ. ಅದರಲ್ಲಿದ್ದವಳು ಯಾವುದೋ ಆಸ್ಪತ್ರೆಯ ರೋಗಿ. ನಡೆಯಲಾರದ ಅವಳ ಕೈಯನ್ನು ಇನ್ನೊಬ್ಬ ಹೆಂಗಸು ಹಿಡಿದಿದ್ದಾಳೆ. ಹನ್ನೆರಡು ಚಿತ್ರಗಳು. ಹೆಸರು ಬರೆದಿರಲಿಲ್ಲ, ಕಾಯಿಲೆ ಮಾತ್ರ ಬರೆದಿದ್ದರು. ಅದನ್ನು ಎರಡು ಸಲ ಓದಿದೆ. ಅವಳನ್ನು ಕೇಳಿ ಕ್ಯಾಮೆರಾದ ಮುಂದೆ ನಡೆಸಿದರೋ, ಕೇಳದೆಯೋ? ಯಾರ ಅಕ್ಕನೋ.

ಅಕ್ಕನ ಗಮನ ಬೇರೆಡೆ ಇತ್ತು. ಬೆರಳಿಟ್ಟು ಎಣಿಸುತ್ತಿದ್ದಳು. "ನಾಕನೇದರಾಗ ನಿಂತಾಳ. ಐದರಾಗೂ ನಿಂತಾಳ. ಆರು... ಏಳರಾಗ ನೋಡು ತಮ್ಮಾ, ಹಿಮ್ಮಡಿ ಎತ್ಯಾಳ!" ಎಂದಳು. ತನ್ನ ಮಗುವೇ ಹೆಜ್ಜೆ ಇಟ್ಟಂತೆ ಅವಳ ಮುಖ ಅರಳಿತು.

ಆ ಮುಖದ ಫೋಟೋ ನನಗೆ ಬೇಕಾಯಿತು. ಮುಂದಿನ ಕೋಣೆಗೆ ಕಿರಿದಾದ ದ್ವಾರವಿತ್ತು. ನಾನು ಮುಂದೆ ಹೋಗಿ ತಿರುಗಿ ಫೋನ್ ಹಿಡಿದೆ. ಅಕ್ಕ ಜಯಾಳ ಕೈ ಹಿಡಿದು ಬರುತ್ತಿದ್ದಳು. ನಗುತ್ತಿದ್ದಳು. ದ್ವಾರದ ಕೆಳಗೆ ಒಂದು ಹೆಜ್ಜೆಯನ್ನೂ ಇಟ್ಟಿದ್ದಳು. ಆಗ ನನ್ನ ಬಾಯಿಂದ ಆ ಹಾಳು ಮಾತು ಬಂದೇಬಿಟ್ಟಿತು.

"ಹಾಂ ಅಕ್ಕಾ, ಹಂಗs ನಿಲ್ಲು! ಅಲುಗಾಡಬ್ಯಾಡ!"

ಅಕ್ಕ ನಿಂತಳು. ನಿಂತವಳ ಕಾಲು ಮತ್ತೆ ಏಳಲಿಲ್ಲ.

ಹಿಂದೆ ಜನ ಸೇರಿದರು. ಜಯಾ ನನ್ನತ್ತ ನೋಡಿದ ನೋಟವನ್ನು ನಾನಿಲ್ಲಿ ಬರೆಯುವುದಿಲ್ಲ. ಫ್ಲೇವಿಯಾ ಓಡಿಬಂದು ತನ್ನ ಕಾಲನ್ನು ಅಕ್ಕನ ಪಾದದ ಮುಂದೆ ಅಡ್ಡ ಇಟ್ಟಳು. "ಶಾಂತಕ್ಕ, ನನ್ನ ಕಾಲು ದಾಟಿ. ಗೆರೆ ಅಂತ ತಿಳ್ಕೊಳ್ಳಿ. ಒಂದು, ಎರಡು..."

ಆಸ್ಪತ್ರೆಯಲ್ಲಿ ಎಲ್ಲರಿಗೂ ಹೀಗೇ ಮಾಡಿಸುತ್ತಾಳಂತೆ, ಎಲ್ಲರೂ ದಾಟುತ್ತಾರಂತೆ. ನಮ್ಮಕ್ಕ ದಾಟಬೇಕಲ್ಲ! ನಮ್ಮಲ್ಲಿ ಮಂದಿಯ ಕಾಲು ದಾಟಬಾರದು. ದಾಟಿದರೆ ಅವರ ಬೆಳವಣಿಗೆ ನಿಲ್ಲುತ್ತದೆ. ಮರೆತು ದಾಟಿದರೆ ಕೂಡಲೇ ವಾಪಸ್ ದಾಟಿ ದೋಷ ಕಳೆಯಬೇಕು.

"ಬ್ಯಾಡವ್ವಾ, ಬಾಳಿ ಬದುಕೂ ಹುಡುಗಿ ನೀ," ಎಂದಳು ಅಕ್ಕ.

"ನನಗೆ ನಲ್ವತ್ತಾಯ್ತು ಮಾರಾಯ್ರೆ, ಇನ್ನು ಬೆಳೆಯುವುದಾದರೆ ಅಡ್ಡಕ್ಕೆ ಮಾತ್ರ. ದಾಟಿ!"

ಅಕ್ಕ ದಾಟಲಿಲ್ಲ. ಕೊನೆಗೆ ಕಾವಲಿನವನೊಬ್ಬ ಗಾಲಿಕುರ್ಚಿ ತಂದ. ಒಳ್ಳೆಯ ಮನುಷ್ಯ, ಯಾರೂ ನೋಡದಂತೆ ತಾನೇ ಅಡ್ಡ ನಿಂತು ಕೂರಿಸಿದ, ಹಿಂದಿಯಲ್ಲಿ 'ಅಮ್ಮಾ, ನಿಧಾನ' ಎಂದ. ಅಕ್ಕ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಕಾರಿನ ತನಕ ತೆಗೆಯಲಿಲ್ಲ.

ಮರಳುವ ದಾರಿಯಲ್ಲಿ ಅಕ್ಕನೇ ಮಾತು ತೆಗೆದಳು. "ನೀ ಸ್ಟುಡಿಯೋ ತೆರೆದ ದಿನ ಮೊದಲನೇ ಫೋಟೋ ನಂದು, ನೆನಪೈತೇನು? ನಾ ನಕ್ಕೆ. ಶೇಕ್ ಆತು ಅಂತ ಬೈದು, ನನ್ನ ಮುಂದs ಹರದು ಒಗದಿ."

ನೆನಪಿತ್ತು.

"ಅವತ್ತಿನಿಂದ ನಿನ್ನ ಮುಂದ ನಾ ಅಲುಗಾಡೇ ಇಲ್ಲ. ಈಗ ಕಾಲಿಗೆ ಅಲುಗಾಡು ಅಂದ್ರ ಅದು ಕೇಳಬೇಕಲ್ಲ?"

ಅವಳು ತಮಾಷೆಗೇ ಹೇಳಿದ್ದಳು, ಜಯಾ ನಕ್ಕಳು ಕೂಡ. ನಾನು ಮಾತ್ರ ಕಿಟಕಿಯ ಕಡೆ ತಿರುಗಿ ಮರಳು ನೋಡುತ್ತ ಕುಳಿತೆ.

ಮತ್ತೆ ಮಿರ್ದಿಫ್

ಮಾರನೆಯ ಬೆಳಿಗ್ಗೆ ಚಹಾ ಕುಡಿಯುವಾಗಲೂ ಆ ಕಪ್ಪು ಪ್ಲೇಟಿನ ಮೇಲಿನ ಬಿಳಿ ಗೆರೆಗಳೇ ಕಣ್ಣ ಮುಂದಿದ್ದವು. ಥಟ್ಟನೆ ಎದ್ದು ಅಡುಗೆಮನೆಗೆ ಹೋಗಿ ಕಪಾಟಿನಿಂದ ರಂಗೋಲಿ ಪೊಟ್ಟಣ ಇಳಿಸಿದೆ. ಹೊಸ್ತಿಲ ಮುಂದೆ ಕಪ್ಪು ಟೇಪು ಆಗದು, ಸರಿ. ಬಿಳಿ ರಂಗೋಲಿಯನ್ನು ಬೇಡ ಎನ್ನುವ ಹೆಣ್ಣುಮಗಳು ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ. ಅದನ್ನು ತುಳಿಯುವವಳೂ ಹುಟ್ಟಿಲ್ಲ.

ಅರವತ್ತೇಳರ ಗಂಡಸು ಮೊಣಕಾಲೂರಿ ರಂಗೋಲಿ ಹಾಕುವುದನ್ನು ನೋಡಲು ನಿಧಿ ಬಂದಳು, ಫ್ಲೇವಿಯಾ ಬಂದಳು. ಮೊದಲ ದಿನ ನಾನು ಉತ್ಸಾಹದಲ್ಲಿ ಕಮಲದ ಹೂವನ್ನೇ ಬಿಡಿಸಹೊರಟೆ. ಅಕ್ಕ ಒಳಗಿನಿಂದ ಇಣುಕಿ ನೋಡಿ, "ಇದೇನೋ ತಮ್ಮಾ, ಎಮ್ಮಿ ಉಚ್ಚಿ ಹೊಯ್ಕೋತ ಹೋದಂಗ ಐತಿ," ಎಂದಳು. ಆ ಹೂವಿನಲ್ಲಿ ಕಾಲಿಡಲು ಜಾಗವೂ ಇರಲಿಲ್ಲ. ಅವಳು ನಿಂತಲ್ಲೇ ನಿಂತಳು.

ಎರಡನೆಯ ದಿನ ಹೂವು ಬಿಟ್ಟು, ಹೊಸ್ತಿಲಿನಿಂದ ಒಂದೊಂದು ಹೆಜ್ಜೆ ಬಿಟ್ಟು ಅಡ್ಡ ಗೆರೆ ಎಳೆದೆ. ತುದಿಗಳಲ್ಲಿ ಅಕ್ಕ ಹೇಳಿದ ಹಾಗೆ ಒಂದೊಂದು ಚುಕ್ಕಿ. ಅಕ್ಕ ಬಾಗಿಲಿಗೆ ಬಂದಳು. ನಿಂತಳು. ಗೆರೆ ನೋಡಿದಳು. ಸೀರೆಯ ನಿರಿಗೆಯನ್ನು ತುಸು ಎತ್ತಿ ಹಿಡಿದಳು, ರಂಗೋಲಿ ಕೆಡಬಾರದೆಂದು. ಎಡಗಾಲು ಎದ್ದಿತು. ಹೊಸ್ತಿಲಾಚೆ ಬಂದಿತು.

"ದೇವರೇ, ಮದ್ದು ಇಷ್ಟು ದಿನ ಅಡುಗೆ ಮನೆಯಲ್ಲೇ ಇತ್ತಾ!" ಎಂದು ಫ್ಲೇವಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

ಪ್ರತಿದಿನ ಗೆರೆ ಹೆಚ್ಚಿಸುತ್ತ ಹೋದೆವು. ಒಂದು ದಿನ ಆರು, ಇನ್ನೊಂದು ದಿನ ಹತ್ತು. ಒಂದು ದಿನ ಏನು ಮಾಡಿದರೂ ಒಂದೂ ಇಲ್ಲ. ಅವತ್ತು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಿಧಿ ನನಗೆ ಫೋನಿನಲ್ಲಿ ಸಾಲು ಫೋಟೋ ತೆಗೆಯುವುದನ್ನು ಕಲಿಸಿದಳು. "ಪ್ರೆಸ್ ಅಂಡ್ ಹೋಲ್ಡ್, ಮಾಮಾಜ್ಜಾ. ಒನ್ ಬಟನ್, ಟ್ವೆಂಟಿ ಫೋಟೋಸ್. ಅಂಡ್ ಪ್ಲೀಸ್, ಏನೂ ಮಾತಾಡಬೇಡಿ."

ಹೊರಡುವ ದಿನ

ಬೆಳಿಗ್ಗೆಯೇ ಎದ್ದು ಗೇಟಿನ ತನಕ ಹದಿನೆಂಟು ಗೆರೆ ಎಳೆದೆ. ಮಧ್ಯಾಹ್ನದ ವಿಮಾನ. ಚೀಲಗಳನ್ನು ಕಾರಿಗೆ ಹಾಕುವಷ್ಟರಲ್ಲಿ ಗಾಳಿ ಎದ್ದಿತು. ಮರಳುಗಾಡಿನ ಗಾಳಿಗೆ ರಂಗೋಲಿ ಯಾವ ಲೆಕ್ಕ?

ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಿಗೆ ಬಂದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ನಿರಿಗೆ ಎತ್ತಿದಳು, ಹೊಸ್ತಿಲು ದಾಟಿದಳು. ನಾನು ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತ ಫೋನಿನ ಬಟನ್ ಒತ್ತಿ ಹಿಡಿದಿದ್ದೆ. ಐದು, ಆರು, ಏಳು. ತುಟಿ ಕಚ್ಚಿಕೊಂಡಿದ್ದೆ. ಹದಿನಾಲ್ಕನೇ ಗೆರೆ ದಾಟಿ ಅಕ್ಕ ನಿಂತಳು. ಮುಂದೆ ಗೆರೆಗಳೇ ಇರಲಿಲ್ಲ, ಗಾಳಿ ಒರೆಸಿಕೊಂಡು ಹೋಗಿತ್ತು. ಗೇಟು ನಾಲ್ಕೇ ಹೆಜ್ಜೆ ದೂರ.

ಪೊಟ್ಟಣ ಖಾಲಿಯಾಗಿತ್ತು. ಜಯಾ ಗಡಿಯಾರ ನೋಡಿದಳು. "ಸಾಕವ್ವಾ, ಇಲ್ಲಿ ತನಕ ಬಂದ್ಯಲ್ಲ, ಅಷ್ಟs ಸಾಕು," ಎಂದಳು. ಅಕ್ಕನ ಗದ್ದ ನಡುಗತೊಡಗಿತು. ಅದು ಕಾಯಿಲೆಯ ನಡುಕವಲ್ಲ ಎಂದು ನನಗೆ ಗೊತ್ತಾಯಿತು.

ನಾನು ಚಪ್ಪಲಿ ಬಿಟ್ಟು, ನನ್ನ ಬಲಗಾಲನ್ನು ಅವಳ ಪಾದದ ಮುಂದೆ ಅಡ್ಡ ಇಟ್ಟೆ.

"ದಾಟು ಅಕ್ಕಾ."

"ಏ ಹುಚ್ಚಾ, ಕಾಲು ತಗಿ. ದಾಟಿದ್ರ ನೀ ಬೆಳೆಯಂಗಿಲ್ಲ."

"ಬೆಳಸಿದಾಕಿ ನೀನs ಅಲ್ಲೇನು? ಎಷ್ಟು ಬೆಳಸಬೇಕೋ ಅಷ್ಟು ಬೆಳಸಿದಿ. ದಾಟು."

ಅಕ್ಕ ನನ್ನ ಮುಖ ನೋಡಿದಳು. ಅಳುತ್ತಿದ್ದವಳು ನಕ್ಕಳು. ನಗುವಿನಲ್ಲೇ ಕಾಲು ಎದ್ದು ನನ್ನ ಪಾದ ದಾಟಿತು. ನಾನು ಇನ್ನೊಂದು ಕಾಲು ಇಟ್ಟೆ, ಅದನ್ನೂ ದಾಟಿದಳು. ಹಾಗೆ ನಾಲ್ಕು ಸಲ. ಗೇಟಿನ ಸರಳನ್ನು ಹಿಡಿದು, ಗೆದ್ದವಳಂತೆ ಉಸಿರು ಬಿಟ್ಟಳು.

"ಹೋಗಿ ಬಾ," ಎಂದಳು. ಗೇಟಿಗೆ ತಾಗಿ ನಿಂತಿದ್ದ ಕಾರಿನ ಬಾಗಿಲನ್ನು ನಾನು ಹಾಕುವಾಗ ಕಿಟಕಿಯಲ್ಲಿ ಬಗ್ಗಿದಳು. "ಕಾಲು ದಾಟಿದ ದೋಷ ಈಗ ಕಳ್ಯಂಗಿಲ್ಲ ನೋಡು. ನೀ ಮತ್ತ ಬಂದಾಗ ವಾಪಸ್ ದಾಟ್ತೀನಿ. ಅಲ್ಲೀ ತನಕ ನೀನೂ ಎಲ್ಲೂ ಹೋಗಬ್ಯಾಡ, ನಾನೂ ಹೋಗೂದಿಲ್ಲ."

ವಿಮಾನ ಮಿರ್ದಿಫ್‌ನ ಮೇಲೆಯೇ ಏರಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಫೋನಿನಲ್ಲಿ ಮುಖ ಹುದುಗಿಸಿದ್ದೆ. ಬಟನ್ ಒತ್ತಿದ ಕೈ ಕೆಳಗಿಳಿದದ್ದು ನನಗೇ ಗೊತ್ತಾಗಿರಲಿಲ್ಲ. ಕೊನೆಯ ಚಿತ್ರಗಳಲ್ಲಿ ಮುಖಗಳಿಲ್ಲ. ಸೀರೆಯ ಅಂಚು, ನನ್ನ ಪಾದ, ಅದರ ಮೇಲೆ ಗಾಳಿಯಲ್ಲಿ ಅಕ್ಕನ ಪಾದ. ಎಲ್ಲವೂ ಶೇಕ್ ಆಗಿವೆ. ನನ್ನ ಸ್ಟುಡಿಯೋದಲ್ಲಾಗಿದ್ದರೆ ಒಂದನ್ನೂ ಗಿರಾಕಿಗೆ ತೋರಿಸುತ್ತಿರಲಿಲ್ಲ.

ಊರು ಮುಟ್ಟಿದ ದಿನ ಅಕ್ಕ ಫೋನ್ ಮಾಡಿ ಮೊದಲು ಕೇಳಿದ್ದು ಅದನ್ನೇ. "ಫೋಟೋ ಹ್ಯಾಂಗ ಬಂದಾವೋ?"

"ಎಲ್ಲಾ ಶೇಕ್ ಆಗ್ಯಾವ ಅಕ್ಕಾ."

"ಹರದು ಒಗಿ ಮತ್ತ," ಎಂದು ನಕ್ಕಳು.

ಹರಿಯಲಿಲ್ಲ. ಪ್ರಿಂಟು ಹಾಕಿಸಿ, ಸ್ಟುಡಿಯೋದಲ್ಲಿ ಸ್ಟೂಲಿನ ಎದುರಿನ ಗೋಡೆಗೆ ಸಾಲಾಗಿ ಅಂಟಿಸಿದ್ದೇನೆ. ದೋಷ-ಗೀಷ ನಂಬುವ ಮನುಷ್ಯ ನಾನಲ್ಲ. ಆದರೂ ಪಾಸ್‌ಪೋರ್ಟನ್ನು ಟ್ರಂಕಿನಲ್ಲಿಡಲು ಹೆಂಡತಿ ಕೇಳಿದಾಗ ಕೊಡಲಿಲ್ಲ. ಅದು ನನ್ನ ಮೇಜಿನ ಮೇಲೆ, ಕೈಗೆ ಸಿಗುವಲ್ಲಿಯೇ ಇದೆ. ಪಕ್ಕದಲ್ಲಿ ಹೊಸದೊಂದು ರಂಗೋಲಿ ಪೊಟ್ಟಣ.